ಐತವಾರದ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆದುಹೋಯಿತು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಅಳು ಬರುವ ಬದಲು ನಗು ಬಂದುಬಿಡುತ್ತದೆ. ಅದು ನನ್ನೊಬ್ಬಳ ಪಾಡಲ್ಲ. ಅವರನ್ನು ಬಲ್ಲವರ ಮುಂದೆ ಅವರ ಮಾತು ತೆಗೆದರೆ ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎನ್ನುವುದು ರೂಢಿ. ಭಾಲ್ಕಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ನಾವೆಲ್ಲ ಅಕ್ಕೋರೇ. ಆದರೆ ಬರೀ ಅಕ್ಕೋರು ಎಂದರೆ ಹೊಲಿಗೆ ಕಲಿಸುವ ಇವರೊಬ್ಬರೇ. ಉಳಿದವರಿಗೆ ಗಣಿತದ, ಹಿಂದಿಯ ಎಂದು ಹಿಂದೆ ಏನಾದರೂ ಜೋಡಿಸಬೇಕಾಗುತ್ತಿತ್ತು. ನಾನು ಕನ್ನಡದ ಅಕ್ಕೋರು. ಬೀದರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಬಸ್ಸು ತಡವಾದ ದಿನ ನನ್ನ ತರಗತಿಯನ್ನು ಅವರೇ ಹಿಡಿದುಕೊಂಡು, ಸಂಧಿ ಸಮಾಸದ ಬದಲು ಗುಂಡಿಗೆ ಕಾಜಾ ಹಾಕುವುದನ್ನು ಕಲಿಸಿ ಕಳಿಸುತ್ತಿದ್ದರು. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರಿಗೆ ವ್ಯಾಕರಣ ಬರದಿದ್ದರೂ ಗುಂಡಿ ಹಚ್ಚಲು ಚೆನ್ನಾಗಿ ಬರುತ್ತದೆ.

ಅವರದು ಖಟಕ ಚಿಂಚೋಳಿಯ ಒಕ್ಕಲು ಮನೆತನ. ಎಳೆಯ ವಯಸ್ಸಿನಲ್ಲೇ ಮದುವೆ, ಮಗಳು ಇನ್ನೂ ಕಂಕುಳಲ್ಲಿರುವಾಗಲೇ ಗಂಡ ಹೋದರು. ಗಂಡನ ದೊಡ್ಡ ಮನೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದು, ಅದರ ನಡುವೆಯೇ ಹೊಲಿಗೆ ಕಲಿತು, ನೌಕರಿ ಹಿಡಿದು, ಭಾಲ್ಕಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡರು. ಮಗಳು ಮಹಾದೇವಿಯನ್ನು ಓದಿಸಿ, ಬೀದರದ ಕಿರಾಣಿ ವ್ಯಾಪಾರಿಯ ಮನೆಗೆ ಕೊಟ್ಟರು. ಈ ಇಡೀ ಕಥೆಯನ್ನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದರು. ಆದರೆ ಪೇಟೆಯ ಯಾವನೋ ದರ್ಜಿ ಒಬ್ಬ ಮದುಮಗಳ ಜಂಪರಿನ ತೋಳು ಹೇಗೆ ಕೆಡಿಸಿದ ಎಂಬುದನ್ನು ಹೇಳಲು ಅವರಿಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಗುತ್ತಿತ್ತು.

ಅವರ ದನಿ ದೊಡ್ಡದು. ಅವರು ಗುಟ್ಟು ಹೇಳಿದರೂ ಮುಖ್ಯೋಪಾಧ್ಯಾಯರ ಕೋಣೆಗೆ ಕೇಳುತ್ತಿತ್ತು. ಮುಂಜಾನೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಮತ್ತು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಅಳೆಯುವಾಗ ಮಾತ್ರ ಅವರು ಸುಮ್ಮನಿರುತ್ತಿದ್ದರು. ಇಂಥವರಿಗೆ ಹಕ್ಕಿ ನೋಡುವ ಹುಚ್ಚು ಹತ್ತಿತು ಎಂದರೆ ನಂಬುವುದು ಕಷ್ಟ.

ಅದು ಶುರುವಾದದ್ದು ಒಂದು ಸಂಕ್ರಾಂತಿಯ ಮರುದಿನ. ನಮ್ಮಲ್ಲಿ ಆ ಹಬ್ಬಕ್ಕೆ ಊರೆಲ್ಲ ಗಾಳಿಪಟ ಹಾರಿಸುತ್ತಾರೆ. ಹಬ್ಬ ಮುಗಿದ ಮೇಲೂ ಗಾಜಿನ ಪುಡಿ ಸವರಿದ ಮಾಂಜಾ ದಾರ ಗಿಡಗಳಲ್ಲಿ ಜೋತಾಡುತ್ತಿರುತ್ತದೆ. ಅದಕ್ಕೆ ಸಿಕ್ಕಿಕೊಂಡ ಒಂದು ಬೆಳ್ಳಕ್ಕಿ ಶಾಲೆಯ ಅಂಗಳದಲ್ಲಿ ಬಿದ್ದಿತ್ತು. ಹುಡುಗಿಯರು ಕಿರುಚುತ್ತಾ ನಿಂತಿದ್ದರು. ಅಕ್ಕೋರು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದರು. ಯಾರದೋ ಅರ್ಧ ಹೊಲಿದ ಲಂಗವನ್ನು ಹಕ್ಕಿಯ ಮೇಲೆ ಹೊದಿಸಿ, ತೊಡೆಯ ಮೇಲೆ ಇಟ್ಟುಕೊಂಡು, ಮಗುವಿನ ಜಡೆ ಬಿಡಿಸಿದಂತೆ ದಾರವನ್ನು ಕತ್ತರಿಸಿ ತೆಗೆದರು. ರೆಕ್ಕೆಯ ಬುಡದಲ್ಲಿ ಚರ್ಮ ಸೀಳಿತ್ತು.

ಆ ಹೊತ್ತಿಗೆ ಪಕ್ಕದ ಓಣಿಯಲ್ಲಿ ಯಾರದೋ ಎಮ್ಮೆ ನೋಡಲು ಒಬ್ಬ ದನದ ಡಾಕ್ಟರು ಬಂದಿದ್ದರು. ಔರಾದ ತಾಲೂಕಿನ ಡಾಬಕಾದವರು. ನೌಕರಿಯಿಂದ ನಿವೃತ್ತರಾಗಿದ್ದರೂ ಮಂದಿ ಅವರನ್ನು ಬಿಟ್ಟಿರಲಿಲ್ಲ. ಕರೆಸಿದೆವು. ತೆಳ್ಳಗೆ, ಎತ್ತರಕ್ಕೆ ಇದ್ದರು. ಮಾತು ಬಹಳ ಕಡಿಮೆ. ಬಂದವರು ನೆಲದ ಮೇಲೆಯೇ ಕೂತು, ಔಷಧಿ ಹಚ್ಚಿ, ಗಾಯಕ್ಕೆ ಹೊಲಿಗೆ ಹಾಕತೊಡಗಿದರು. ಅಕ್ಕೋರು ಬಗ್ಗಿ ನೋಡುತ್ತಿದ್ದರು. ತಡೆಯಲಾಗಲಿಲ್ಲ.

"ಹೊಲಿಗಿ ದೂರ ದೂರ ಬೀಳಲಿಕತ್ತಾವ ನೋಡ್ರಿ ಡಾಕ್ಟರೇ."

ಡಾಕ್ಟರು ಚಷ್ಮಾದ ಮೇಲಿನಿಂದ ಅವರನ್ನು ಒಮ್ಮೆ ನೋಡಿ, "ಇದು ಜಂಪರ್ ಅಲ್ರಿ ಅಕ್ಕೋರೆ" ಎಂದರು. ಆದರೂ ಮುಂದಿನ ಹೊಲಿಗೆಯನ್ನು ಹತ್ತಿರ ಹಾಕಿದ್ದನ್ನು ನಾನು ನೋಡಿದೆ.

ಗಾಯ ಮಾಯುವ ತನಕ ಬೆಳ್ಳಕ್ಕಿ ಅಕ್ಕೋರ ಮನೆಯ ಹಿಂದಿನ ಕೋಣೆಯಲ್ಲಿ ಇತ್ತು. ಆ ಮನೆಯಲ್ಲಿ ಯಾವತ್ತೂ ಮೀನು ಮಾಂಸ ಹೊಕ್ಕಿದ್ದಿಲ್ಲ. ಹಕ್ಕಿಗೆ ಬೇಳೆ ಅನ್ನ ಕಲಸಿಟ್ಟು ನೋಡಿದರು, ಅದು ಮುಖ ತಿರುಗಿಸಿತು. ಕೊನೆಗೆ ಡಾಕ್ಟರೇ ಎಲ್ಲಿಂದಲೋ ಸಣ್ಣ ಮೀನು ತಂದು ಹಿತ್ತಲಲ್ಲಿ ನಿಂತು ಹಾಕುತ್ತಿದ್ದರು. ಅಕ್ಕೋರು ಆಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಆದರೆ ತಿಂತೋ ಇಲ್ಲವೋ ಎಂದು ಕೇಳದೆ ಇರುತ್ತಿರಲಿಲ್ಲ. ಹಕ್ಕಿ ರೆಕ್ಕೆ ಬಡಿಯಲು ಶುರು ಮಾಡಿದ ಮೇಲೆ ಒಂದು ಐತವಾರ ಅದನ್ನು ಬುಟ್ಟಿಯಲ್ಲಿಟ್ಟು, ಡಾಕ್ಟರ ಹಳೆಯ ಬಿಳಿ ಕಾರಿನಲ್ಲಿ ಕಾರಂಜಾ ಅಣೆಕಟ್ಟಿನ ಹಿನ್ನೀರಿಗೆ ಒಯ್ದು ಬಿಟ್ಟೆವು. ಅಕ್ಕೋರಿಗೆ ಜೊತೆಯಿರಲೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಕ್ಕಿ ಹಾರಿ ನೀರಂಚಿನಲ್ಲಿ ಕೂತಿತು. ಅದರ ಆಚೆ ನೀರಿನ ಮೇಲೆ ಬೂದು ಬಣ್ಣದ ದೊಡ್ಡ ಬಾತುಗಳ ಹಿಂಡು. ಇವು ಹಿಮಾಲಯ ದಾಟಿ ಬರ್ತಾವ ಎಂದರು ಡಾಕ್ಟರು. ಅಕ್ಕೋರು ಅವರ ದುರ್ಬೀನು ಇಸಿದುಕೊಂಡು ನೋಡಿದವರು ಹೊರಡುವ ತನಕ ಮರಳಿ ಕೊಡಲೇ ಇಲ್ಲ. ಭಾಲ್ಕಿಯಲ್ಲಿ ಇಷ್ಟು ವರ್ಷ ಕಳೆದರೂ, ಇಷ್ಟು ಹತ್ತಿರದಲ್ಲಿ ಇಂಥ ಮಂದಿ ಬಂದು ಇಳಿಯುತ್ತಾರೆಂದು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ಬೈದರು, ನಾನೇನೋ ಮುಚ್ಚಿಟ್ಟಿದ್ದೆ ಎಂಬಂತೆ.

ಆವತ್ತಿನಿಂದ ಐತವಾರ ಎಂದರೆ ಹಕ್ಕಿ. ಡಾಕ್ಟರು ಡಾಬಕಾದಿಂದ ಕಾರಿನಲ್ಲಿ ಬರುತ್ತಿದ್ದರು. ನಾನು ಬೀದರದಿಂದ ಬಸ್ಸು ಹಿಡಿಯುತ್ತಿದ್ದೆ. ಅಕ್ಕೋರು ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದರು.

ಹಕ್ಕಿ ನೋಡುವವರು ಮಣ್ಣಿನ ಬಣ್ಣದ ಬಟ್ಟೆ ಹಾಕಬೇಕೆಂದು ಡಾಕ್ಟರು ಒಮ್ಮೆ ಹೇಳಿದರು. ಅಕ್ಕೋರು ಆವತ್ತು ಗಿಳಿಹಸಿರು ಸೀರೆ ಉಟ್ಟಿದ್ದರು. ಮುಂದಿನ ವಾರ ಮೂವರಿಗೂ ಖಾಕಿ ಬಟ್ಟೆಯ ಉದ್ದನೆಯ ಕೋಟು ಹೊಲಿದು ತಂದರು. ಎಲ್ಲಿ ನೋಡಿದರೂ ಜೇಬು. ಅದನ್ನು ತೊಟ್ಟು ಹಿನ್ನೀರಿನ ಹತ್ತಿರ ಇಳಿದರೆ ಹೊಲದಲ್ಲಿದ್ದ ಒಬ್ಬ ಅಜ್ಜಿ ನಮ್ಮನ್ನು ಕಾಡಿನ ಇಲಾಖೆಯವರು ಎಂದು ತಿಳಿದು ಓಡಿ ಬಂದಳು. ಚಿಗರಿ ಹಿಂಡು ಅವಳ ತೊಗರಿ ತಿಂದು ಹೋಗುತ್ತಿತ್ತಂತೆ. ನಾವು ಅವರಲ್ಲ ಎಂದು ನಾನು ಹೇಳುವುದರೊಳಗೆ ಅಕ್ಕೋರು, ಇವರೇ ಸಾಹೇಬರು, ಇವರ ಮುಂದೆ ಹೇಳು ಎಂದು ಡಾಕ್ಟರನ್ನು ತೋರಿಸಿಬಿಟ್ಟರು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಅಜ್ಜಿ ಹೋದ ಮೇಲೆ ಯಾಕೆ ಸುಳ್ಳು ಹೇಳಿದಿರಿ ಎಂದು ಅವರು ಕೇಳಿದರೆ ಅಕ್ಕೋರು, ಸುಳ್ಳು ಹ್ಯಾಂಗಾಗ್ತದ, ನೀವು ನಾಳೆ ಬೀದರಕ್ಕೆ ಹೋಗಿ ಖರೇ ಸಾಹೇಬರಿಗೆ ಹೇಳಿ ಬಂದರೆ ಮುಗೀತಲ್ಲ ಎಂದರು. ಡಾಕ್ಟರು ಮರುದಿನ ಹೋಗಿ ಹೇಳಿ ಬಂದರು. ಅವರು ಅಕ್ಕೋರ ಮಾತು ಮೀರಿದ್ದನ್ನು ನಾನು ಕಂಡಿಲ್ಲ.

ಹಕ್ಕಿಗಳ ಹೆಸರು ಮಾತ್ರ ಅಕ್ಕೋರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ತಮ್ಮದೇ ಹೆಸರು ಇಡುತ್ತಿದ್ದರು. ಕುತ್ತಿಗೆ ಒಳಗೆ ಎಳೆದುಕೊಂಡು ನೀರಲ್ಲಿ ಒಂಟಿಯಾಗಿ ನಿಲ್ಲುವ ಬೂದು ಕೊಕ್ಕರೆ ಅವರಿಗೆ "ಹೆಡ್ ಮಾಸ್ತರ". ಕಪ್ಪು ಮೈಯ, ಹಣೆಯ ಮೇಲೆ ಬಿಳಿ ಪಟ್ಟಿಯಿರುವ ನೀರುಕೋಳಿಯನ್ನು ತೋರಿಸಿ ಡಾಕ್ಟರು ಇದು ನಾಮದ ಕೋಳಿ ಎಂದಾಗ ದೊಡ್ಡ ವಾದವೇ ಆಯಿತು. ನಾಮ ಎಲ್ಲಿದೆ, ಬೆಳ್ಳಗೆ ವಿಭೂತಿ ಹಚ್ಚಿಕೊಂಡಿದೆ, ನಮ್ಮ ಕಡೆಯ ಹಕ್ಕಿಗೆ ಹೆಸರಿಡುವ ಮುಂಚೆ ನಮ್ಮನ್ನು ಒಂದು ಮಾತು ಕೇಳಬೇಕೋ ಬೇಡವೋ ಎಂದು ಅಕ್ಕೋರು ಜಗಳಕ್ಕೆ ನಿಂತರು. ಕೆಲವು ತಿಂಗಳ ಮೇಲೆ ಬೀದರದಿಂದ ಬಂದ ಯಾರೋ ಹಕ್ಕಿ ಬಲ್ಲವರ ಮುಂದೆ ಡಾಕ್ಟರು ಬಹಳ ಗಂಭೀರವಾಗಿ "ಅಲ್ಲಿ ವಿಭೂತಿ ಕೋಳಿ ಅದಾವ ನೋಡ್ರಿ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಊರಲ್ಲಿ ಮಾತು ಹುಟ್ಟಿತು. ವಿಧವೆ ಅಕ್ಕೋರು, ಹೆಂಡತಿ ತೀರಿಹೋದ ಡಾಕ್ಟರು, ಐತವಾರ ಬಂದರೆ ಬಿಳಿ ಕಾರು. ನಡುವೆ ನಾನು ಕೂತಿರುತ್ತಿದ್ದುದು ಯಾರ ಲೆಕ್ಕಕ್ಕೂ ಬರಲಿಲ್ಲ. ಅಕ್ಕೋರಿಗೆ ಇದು ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳಲು ಅವರಿಗೆ ಪುರುಸೊತ್ತು ಇರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಡಾಕ್ಟರು ಕರಾವಳಿಯ ಮಾತು ತೆಗೆದರು. ಹೊನ್ನಾವರದ ಹತ್ತಿರ ಶರಾವತಿ ಸಮುದ್ರ ಸೇರುವ ಕಡೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿದೆ, ಅದರ ನಡುವೆ ಮರದ ಹಲಗೆ ಜೋಡಿಸಿ ನಡೆಯಲು ಹಾದಿ ಮಾಡಿದ್ದಾರೆ, ನೀರಿನ ಮೇಲೆಯೇ ನಡೆದು ಹಕ್ಕಿ ನೋಡಬಹುದು ಎಂದರು. ತಲೆ ಕಪ್ಪು, ಬೆನ್ನು ನೀಲಿ ಇರುವ ಒಂದು ಮಿಂಚುಳ್ಳಿ ಚಳಿಗಾಲಕ್ಕೆ ಅಲ್ಲಿಗೆ ಬರುತ್ತದಂತೆ. ನಮ್ಮ ಬಯಲಿನಲ್ಲಿ ಅದು ಸಿಗುವುದಿಲ್ಲ. ಅಕ್ಕೋರು ಅಲ್ಲಿಯತನಕ ಸಮುದ್ರ ನೋಡಿರಲಿಲ್ಲ. ಅದನ್ನು ಅವರು ಹೇಳಿಕೊಳ್ಳಲಿಲ್ಲ, ಆ ನೀಲಿ ಎಂಥ ನೀಲಿ ಎಂದಷ್ಟೇ ಕೇಳಿದರು.

ಹೋಗುವುದೆಂದು ಗೊತ್ತಾದ ದಿನ ಮಹಾದೇವಿ ಬೀದರದಿಂದ ಶಾಲೆಗೇ ಬಂದಳು. ನಾನು ಎದ್ದು ಹೋಗಬೇಕೆಂದರೆ ಅಕ್ಕೋರು ಕೈ ಹಿಡಿದು ಕೂರಿಸಿದರು. ಅಂಗಡಿಗೆ ಬಂದವರು ಅತ್ತೆ ಮಾವನ ಮುಂದೆ ಏನೇನೋ ಕೇಳುತ್ತಾರೆ, ಕಾರಂಜಾ ತನಕ ಹೋದದ್ದಾಯಿತು, ಈಗ ಸಮುದ್ರದ ತನಕವೇ ಎಂದು ಮಹಾದೇವಿ ಕಣ್ಣಲ್ಲಿ ನೀರು ತಂದುಕೊಂಡಳು. ಅವಳದೂ ತಪ್ಪಲ್ಲ, ತುಂಬಿದ ಮನೆಯಲ್ಲಿ ಬಾಳುವೆ ಮಾಡುವವಳು.

ಅಕ್ಕೋರು ಮಿಷನ್ ತುಳಿಯುವುದನ್ನು ನಿಲ್ಲಿಸಿದರು. "ಮಂದಿ ಅಂತಾರ ಅಂದ್ರ ಮಂದಿನ್ನೂ ಕರ್ಕೊಂಡು ಬಾರವ್ವ. ಅವರಿಗೂ ಟಿಕೆಟ್ ತೆಗಸ್ತೇನಿ. ಕಣ್ಣಿಲೇ ನೋಡ್ಲಿ, ನಾವು ಹಕ್ಕಿ ನೋಡ್ತೇವೋ ಏನು ನೋಡ್ತೇವೋ."

ಮಹಾದೇವಿ ನಗಲಿಲ್ಲ. ಚಹಾ ಕುಡಿಯದೆ ಹೊರಟುಹೋದಳು. ಆ ದಿನ ಅಕ್ಕೋರು ಪಿನ್ನು ಕಚ್ಚದೆಯೂ ಸುಮ್ಮನಿದ್ದರು.

ಮಂದಿಯ ಬದಲು ನನ್ನ ಗಂಡ ಬಂದರು. ಅವರಿಗೆ ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲ, ಆದರೆ ಕೂತಲ್ಲೇ ನಿದ್ದೆ ಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಘಟ್ಟ ಇಳಿಯುವ ಇನ್ನೊಂದು ಬಸ್ಸು. ಹೊನ್ನಾವರ ಮುಟ್ಟಿದ ಸಂಜೆ ಮೊದಲು ಸಮುದ್ರಕ್ಕೇ ಹೋದೆವು. ಅಕ್ಕೋರು ಸೀರೆ ಎತ್ತಿ ಹಿಡಿದು ಅಂಚಿನಲ್ಲಿ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ, ದೊಡ್ಡದು ಅದ ಖರೆ, ಆದರೆ ಕುಡಿಯಲು ಬರುವುದಿಲ್ಲ, ನಮ್ಮ ಕಾರಂಜಾದ ನೀರು ಕುಡಿಯಬಹುದು ಎಂದು ತೀರ್ಪು ಕೊಟ್ಟರು. ಆದರೆ ವಾಪಸು ಬರುವಾಗ ತಿರುತಿರುಗಿ ನೋಡುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಕಾಂಡ್ಲಾ ಕಾಡಿಗೆ ಹೋದೆವು. ಸಮುದ್ರ ಇಳಿತದ ಹೊತ್ತು. ಹಲಗೆಗಳ ಕೆಳಗೆ ನೀರಿರಲಿಲ್ಲ, ಬರೀ ಮಿರುಗುವ ಕೆಸರು. ಕೆಸರಿನ ತುಂಬ ಬೇರುಗಳು ಮೇಲ್ಮುಖವಾಗಿ ಚುಚ್ಚಿಕೊಂಡು ನಿಂತಿದ್ದವು. ಒಂದೇ ಕೈ ದೊಡ್ಡದಿರುವ ಕೆಂಪು ಏಡಿಗಳು ನಮ್ಮ ಹೆಜ್ಜೆ ಸಪ್ಪಳಕ್ಕೆ ಬಿಲ ಸೇರಿ, ನಾವು ನಿಂತ ಕೂಡಲೇ ಹೊರಗೆ ಬಂದು ಆ ಕೈ ಬೀಸುತ್ತಿದ್ದವು. ಅಕ್ಕೋರಿಗೆ ಅವುಗಳ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ ಅವರೂ ಕೈ ಬೀಸುತ್ತಾ ನಡೆದರು. ಉದ್ದ ಕೊಕ್ಕಿನ ಗದ್ದೆಗೊರವಗಳು ಕೆಸರನ್ನು ಕುಟ್ಟುತ್ತಾ ಸಾಲಾಗಿ ಹೋಗುವುದನ್ನು ಕಂಡು, ಎಷ್ಟು ಬರೋಬರಿ ಹೊಲಿಯಲಿಕತ್ತಾವ ನೋಡು, ನಮ್ಮ ಹುಡುಗಿಯರಿಗೆ ತೋರಿಸಬೇಕು ಎಂದರು. ಹೇಳಿದ್ದು ಅವರ ದನಿಯಲ್ಲಿ. ಇಡೀ ಸಾಲು ಹಾರಿಹೋಯಿತು.

ಕಾವಲಿನವನು ಬಂದು, "ಸ್ವಲ್ಪ ಮೆತ್ತಗೆ ಮಾತಾಡಿ ಅಮ್ಮ, ಹಕ್ಕಿ ಹಾರಿಹೋಗ್ತದೆ" ಎಂದ.

"ನಮ್ಮ ಬೀದರ ಕಡಿ ಹಕ್ಕಿ ಇಷ್ಟಕ್ಕೆಲ್ಲ ಅಂಜಂಗಿಲ್ಲಪ್ಪ" ಎಂದರು ಅಕ್ಕೋರು. ಅವನೂ ನಕ್ಕ. ಆಮೇಲೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಡೆದರು.

ಹಾದಿಯ ಕೊನೆಗೆ ನದಿಗೆ ಮುಖ ಮಾಡಿದ ಒಂದು ಅಟ್ಟಣೆ ಇತ್ತು. ನನ್ನ ಗಂಡ ಸ್ವಲ್ಪ ಹಿಂದೆಯೇ ಒಂದು ಬೆಂಚು ಹಿಡಿದು ಕಣ್ಣು ಮುಚ್ಚಿದ್ದರು. ನಾನು ಅವರ ಪಕ್ಕ ಕೂತೆ. ತಿರುವಿನ ಆಚೆ, ಗಿಡಗಳ ಮರೆಯಲ್ಲಿ ಅಕ್ಕೋರು, ಡಾಕ್ಟರು ನಿಂತಿದ್ದರು. ನೀರಿನ ಹತ್ತಿರ ಮಾತು ಬಹಳ ದೂರ ಕೇಳುತ್ತದೆ. ಬೇಕೆಂದು ಕೇಳಲಿಲ್ಲ ನಾನು. ಎದ್ದು ಹೋದರೆ ಹಲಗೆ ಸಪ್ಪಳವಾಗಿ ಅವರಿಗೆ ಗೊತ್ತಾಗುತ್ತದೆಂದು ಕೂತೇ ಇದ್ದೆ.

ಡಾಕ್ಟರು ಗಂಟಲು ಸರಿ ಮಾಡಿಕೊಂಡರು. "ಅಕ್ಕೋರೆ, ಒಂದು ಮಾತು ಕೇಳ್ಬೇಕಂತ ಭಾಳ ದಿವಸದಿಂದ ಮಾಡೀನಿ. ಸಿಟ್ಟಿಗಿ ಏಳಬ್ಯಾಡ್ರಿ. ನೀವೂ ಒಬ್ಬರೇ ಇದ್ದೀರಿ, ನಾನೂ ಹಂಗೇ ಇದ್ದೀನಿ. ನಾವಿಬ್ಬರೂ ಲಗ್ನ ಮಾಡ್ಕೊಂಡ್ರ ಹ್ಯಾಂಗ್ರಿ?"

ಅಕ್ಕೋರ ದನಿ, ಅವರದಲ್ಲವೆನ್ನುವಷ್ಟು ಮೆಲ್ಲಗೆ ಬಂತು. "ನಿಮ್ಮ ಎಡಕ್ಕ ಅದು ಕುಂತದ ನೋಡ್ರಿ. ಮೊದಲ ಅದನ್ನ ನೋಡೋಣು."

ನಾನೂ ಬಗ್ಗಿ ನೋಡಿದೆ. ಬಾಗಿದ ಒಂದು ಟೊಂಗೆಯ ಮೇಲೆ ಕರಿತಲೆ ಮಿಂಚುಳ್ಳಿ ಕೂತಿತ್ತು. ಕೆಂಪು ಕೊಕ್ಕು, ಬಿಳಿ ಕೊರಳು, ಬೆನ್ನ ಮೇಲೆ ಆ ನೀಲಿ. ಅದು ನೀರಿಗೆ ಧುಮುಕಿ, ಏನನ್ನೋ ಕಚ್ಚಿಕೊಂಡು ಎದ್ದು, ಕಾಡಿನ ಒಳಕ್ಕೆ ಹಾರಿತು. ಇಂಥ ಬಣ್ಣದ ದಾರ ಬೀದರದಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದರು ಅಕ್ಕೋರು. ಆಮೇಲೆ ಡಾಕ್ಟರ ಪ್ರಶ್ನೆಗೆ ಬಂದರು.

"ನೀವು ಛಲೋ ಮನುಷ್ಯಾರ್ ಇದ್ದೀರಿ. ನಿಮ್ಮಲ್ಲಿ ಏನೂ ಕೊರತಿ ಇಲ್ಲ. ಖರೆ, ನಾ ಲಗ್ನ ಒಲ್ಲೆ. ಸಣ್ಣಾಕಿ ಇದ್ದಾಗಿಂದ ಇನ್ನೊಬ್ಬರ ಮನ್ಯಾಗ ಎದ್ದೀನಿ, ಎಲ್ಲಾರೂ ಉಂಡ ಮ್ಯಾಲ ಉಂಡೀನಿ. ಈಗ ನನ್ನ ಮನಿ ಚಾವಿ ನನ್ನ ಸೊಂಟದಾಗ ಅದ. ಹಸಿದಾಗ ಉಣ್ತೇನಿ, ಬ್ಯಾಸರಾದ್ರ ಬಾಗಲಾ ಹಾಕ್ಕೊಂಡು ಮಲಗ್ತೇನಿ. ಅದನ್ನ ಯಾರಿಗೂ ಕೊಡಂಗಿಲ್ರಿ ನಾ." ಆಮೇಲೆ ಹೇಳಿದರು: "ನಮಗ ಐತವಾರ ಅದ ಅಲ್ರಿ. ಅಷ್ಟು ಇರ್ಲಿ."

"ಆಯ್ತ್ರಿ" ಎಂದರು ಡಾಕ್ಟರು. ಅಷ್ಟೇ.

ವಾಪಸು ನಡೆಯುವಾಗ ಭರತ ಏರಿತ್ತು. ಬಂದಾಗ ಕೆಸರಿದ್ದ ಕಡೆಯೆಲ್ಲ ನೀರು, ಏಡಿಗಳ ಬಿಲಗಳೆಲ್ಲ ಮುಳುಗಿದ್ದವು. ಡಾಕ್ಟರು ಮುಂದೆ ನಡೆದರು, ಅಕ್ಕೋರು ನನ್ನ ತೋಳು ಹಿಡಿದು ಹಿಂದೆ. ಊರು ಮುಟ್ಟುವ ತನಕ ರೊಟ್ಟಿ ಬೇಕಾ, ನೀರು ಬೇಕಾ ಎಂಬಷ್ಟೇ ಮಾತು ಆಯಿತು.

ಅದರ ಮುಂದಿನ ಐತವಾರ ಬಿಳಿ ಕಾರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಕ್ಕೋರು ನನ್ನನ್ನು ಕರೆದುಕೊಂಡು ಬಸ್ಸಿನಲ್ಲೇ ಕಾರಂಜಾಕ್ಕೆ ಹೋದರು. ದುರ್ಬೀನು ಡಾಕ್ಟರ ಹತ್ತಿರ ಇತ್ತು. ಬರಿಗಣ್ಣಿಗೆ ಬಾತುಗಳು ಬರೀ ಚುಕ್ಕಿ. ಆ ಚುಕ್ಕಿಗಳನ್ನೇ ನೋಡುತ್ತ ಕೂತು, ರೊಟ್ಟಿಯ ಗಂಟು ಬಿಚ್ಚದೆ ವಾಪಸು ಬಂದೆವು. ಆ ವಾರ ಅವರು ಹತ್ತನೆಯ ತರಗತಿಯ ಹುಡುಗಿಯ ಜಂಪರಿಗೆ ಎರಡೂ ತೋಳನ್ನು ಒಂದೇ ಕಡೆಗೆ ಜೋಡಿಸಿ ಹೊಲಿದುಬಿಟ್ಟರು. ಹುಡುಗಿಯರು ನಗು ತಡೆಯಲಾರದೆ ಒದ್ದಾಡಿದರು. ಅಕ್ಕೋರು ಆ ಜಂಪರನ್ನು ಎತ್ತಿ ಹಿಡಿದು ನೋಡಿ, ತಾವೇ ಮೊದಲು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನಾಳೆ ಸಾಲಿ ಸೂಟಿ ಅದ, ಡಾಬಕಾಕ್ಕೆ ಹೋಗೋಣು ಎಂದರು.

ಖಾಕಿ ಕೋಟು ಬೇಡವೆಂದು ಗಿಳಿಹಸಿರು ಸೀರೆ ಉಟ್ಟಿದ್ದರು. ಔರಾದದಲ್ಲಿ ಬಸ್ಸು ಬದಲಿಸಿ ಡಾಬಕಾದಲ್ಲಿ ಇಳಿದು, ಡಾಕ್ಟರ ಮನೆ ಯಾವುದೆಂದು ಕಟ್ಟೆಯ ಮೇಲೆ ಕೂತವರನ್ನು ಅವರೇ ಗಟ್ಟಿಯಾಗಿ ಕೇಳಿದರು. ಅರ್ಧ ಊರು ಹಿಂದೆ ಬಂದಂತಾಯಿತು. ದೊಡ್ಡ ಅಂಗಳ, ಒಂದು ಕಡೆ ಕುರಿ ದೊಡ್ಡಿ. ಡಾಕ್ಟರು ಲುಂಗಿ ಎತ್ತಿ ಕಟ್ಟಿ, ಒಂದು ಕುರಿಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ಮಗ ಕುರಿ ಹಿಡಿದಿದ್ದ. ಸೊಸೆ ಬಾಗಿಲಲ್ಲಿ. ನಮ್ಮನ್ನು ಕಂಡು ಡಾಕ್ಟರ ಮುಖ ಬಿಳಿಚಿಕೊಂಡಿತು.

ಅಕ್ಕೋರು ಅಂಗಳದ ನಡುವೆ ನಿಂತೇ ಕೇಳಿದರು, ಯಾಕೆ ಬರಲಿಲ್ಲ ಎಂದು. ಡಾಕ್ಟರು ಕೈಯ ಕೆಸರು ನೋಡುತ್ತ, ನನಗ ನಾಚಿಕಿ ಆಗ್ಯದ್ರಿ, ನಿಮಗ ಮಾರಿ ಹ್ಯಾಂಗ ತೋರಿಸಲಿ ಎಂದು ಗೊತ್ತಾಗಲಿಲ್ಲ ಎಂದರು.

"ನಾಚಿಕಿ ನಿಮ್ಮದು. ಅದಕ್ಕ ನನ್ನ ಐತವಾರ ಯಾಕ ಹಾಳ ಮಾಡ್ತೀರಿ? ಲಗ್ನಕ್ಕ ಒಲ್ಲೆ ಅಂದೀನಿ ನಾ, ನಿಮಗ ಒಲ್ಲೆ ಅಂದಿಲ್ಲ."

ಇಡೀ ಅಂಗಳ, ಗೋಡೆಯಾಚೆ ನಿಂತವರು ಸಹ, ಕೇಳಿಸಿಕೊಂಡರು. ನಾನು ನೆಲ ನೋಡುತ್ತಿದ್ದೆ. ಸೊಸೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಕೋಪವೋ ಏನೋ ಎಂದುಕೊಂಡೆ. ಒಳಗಿನಿಂದ ನಗು ಕೇಳಿತು. ಆಮೇಲೆ ಅವಳೇ ಚಹಾ ತಂದು, ಮಾವನಿಗಿಂತ ಮೊದಲು ಅಕ್ಕೋರ ಮುಂದೆ ಹಿಡಿದು, ಇವರು ಮನ್ಯಾಗ ಕುಂತು ನಮ್ಮ ಅಡಗಿಗೆಲ್ಲ ಹೆಸರಿಡಲಿಕತ್ತಾರ, ಒಯ್ಯಿರಿ ನೀವು ಎಂದಳು. ಡಾಕ್ಟರ ಮಗ ಕುರಿಯನ್ನು ಬಿಟ್ಟುಬಿಟ್ಟ. ಅರ್ಧ ಸುತ್ತಿದ ಪಟ್ಟಿಯನ್ನು ಎಳೆದುಕೊಂಡು ಅದು ಅಂಗಳವೆಲ್ಲ ಓಡಿತು. ಅದನ್ನು ಹಿಡಿಯುವ ಗದ್ದಲದಲ್ಲಿ ನಾಚಿಕೆ ಯಾರಿಗೂ ಉಳಿಯಲಿಲ್ಲ.

ಆ ಐತವಾರ ಬಿಳಿ ಕಾರು ಬಂತು. ಮುಂದೆ ಎಷ್ಟೋ ವರ್ಷ ತಪ್ಪಲಿಲ್ಲ. ಅಂಗಳದಲ್ಲಿ ಆಡಿದ ಆ ಮಾತು ಡಾಬಕಾದಿಂದ ಬಸ್ಸು ಹತ್ತಿ ಭಾಲ್ಕಿಗೂ ಬೀದರಕ್ಕೂ ಬಂತು. ಅಕ್ಕೋರೇ ಎಲ್ಲರ ಮುಂದೆ ಹೇಳಿಬಿಟ್ಟ ಮೇಲೆ ಮಂದಿಗೆ ಕದ್ದು ಆಡಿಕೊಳ್ಳಲು ಏನೂ ಉಳಿಯಲಿಲ್ಲ. ಬರಬರುತ್ತಾ ಪೇಟೆಯ ಅಂಗಡಿಯವರು ಅವರನ್ನು ನಿಲ್ಲಿಸಿ, ನಮ್ಮ ಬಾವಿಯ ಹತ್ತಿರ ಹೊಸ ಹಕ್ಕಿ ಬಂದಿದೆ, ಡಾಕ್ಟರಿಗೆ ಹೇಳ್ರಿ ಎನ್ನತೊಡಗಿದರು.

ಮಹಾದೇವಿಯ ಮನಸ್ಸು ತಿಳಿಯಾಗಲು ಹೆಚ್ಚು ದಿನ ಬೇಕಾಯಿತು. ನಿವೃತ್ತಿಯ ಮೇಲೆ ಅಕ್ಕೋರು ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ ಅವಳು ಬಂದು ಇದ್ದಳು. ಐತವಾರ ಬಂದಿತು. ಡಾಕ್ಟರು ಬಂದರು. ಒಳಗೆ ಬನ್ನಿ ಎಂದು ಅವಳು ಕರೆಯಲಿಲ್ಲ, ಅವರು ಪಡಸಾಲೆಯ ಆಚೆ ಕಾಲಿಡಲಿಲ್ಲ. ಅಲ್ಲಿಂದಲೇ ಈ ವಾರ ಯಾವ ಯಾವ ಹಕ್ಕಿ ಬಂದಿವೆ ಎಂದು ಹೇಳಿದರು, ಅಕ್ಕೋರು ಒಳಗಿನಿಂದ ತಮ್ಮ ಹೆಸರು ಹಿಡಿದು ತಿದ್ದಿದರು. ವಿಭೂತಿ ಕೋಳಿಯ ಮಾತಿಗೆ ಮಹಾದೇವಿ ನಕ್ಕುಬಿಟ್ಟಳಂತೆ. ಕೈ ಕೂಡುವಷ್ಟರಲ್ಲಿ ಡಾಕ್ಟರು ಅವಳಿಗೆ ಚಹಾಕ್ಕೆ ಇಷ್ಟು ಹಾಲು ಸುರಿಯುವುದು ಬೇಡವೆಂದು ಹೇಳುವಷ್ಟು, ಅವಳು ಅವರನ್ನು ಡಾಕ್ಟರ್ ಕಾಕಾ ಎನ್ನುವಷ್ಟು ಸಲಿಗೆ ಆಗಿತ್ತು.

ಅಕ್ಕೋರು ಹೋದದ್ದು ಹಾಸಿಗೆಯಲ್ಲಿ, ನಿದ್ದೆಯಲ್ಲಿ. ಮಾತಾಡದೆ ಹೋದದ್ದು ಅದೊಂದೇ ಸಲ. ಮಣ್ಣಿಗಿಡುವಾಗ ಮಹಾದೇವಿ ಮೊದಲು ತಾನು ಬಿಲ್ವಪತ್ರಿ ಹಾಕಿ, ಗುಂಪಿನ ಹಿಂದೆ ನಿಂತಿದ್ದ ಡಾಕ್ಟರನ್ನು ಹುಡುಕಿ, ಕೈ ಹಿಡಿದು ಮುಂದೆ ಕರೆತಂದಳು. ಅವರು ಏನಾಗಬೇಕೆಂದು ಯಾರೂ ಕೇಳಲಿಲ್ಲ.

ಈ ಚಳಿಗಾಲದಲ್ಲಿ ಹೊನ್ನಾವರಕ್ಕೆ ಹೋಗೋಣವೆಂದು ಹೇಳಿದವಳು ಮಹಾದೇವಿಯೇ. ಅವಳು, ಡಾಕ್ಟರು, ನಾನು ಮೂವರೂ ಹೋದೆವು. ಹಲಗೆಯ ಹಾದಿಯಲ್ಲಿ ಡಾಕ್ಟರು ಈಗ ಕೋಲು ಊರಿಕೊಂಡು ನಡೆಯುತ್ತಾರೆ. ಅವರಿಗೆ ಹೊಂದಿಕೊಂಡು ನಾವೂ ನಿಧಾನ ನಡೆದೆವು. ನದಿಯ ಕಡೆಯ ಅಟ್ಟಣೆ ಮುಟ್ಟಿದ ಮೇಲೆ ಮಹಾದೇವಿ ಕೇಳಿದಳು, ಅವ್ವನಿಗೆ ಎಲ್ಲಿ ನಿಂತು ಕೇಳಿದಿರಿ ಕಾಕಾ, ಇಲ್ಲೇ ಏನು ಎಂದು. ಡಾಕ್ಟರು ಬೆರಗಾಗಿ ನನ್ನ ಕಡೆ ನೋಡಿದರು. ನಾನು ಹೇಳಿಲ್ಲ, ಅಕ್ಕೋರೇ ಹೇಳಿದ್ದಾರೆ, ಭಾಲ್ಕಿಯಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ ಎಂದೆ. ಅವರು ನಕ್ಕು ಕಟಾಂಜನದ ಒಂದು ಮೂಲೆ ತೋರಿಸಿದರು.

ಮಹಾದೇವಿ ಅಲ್ಲಿಗೆ ಹೋಗಿ ಕಟ್ಟಿಗೆಯ ಮೇಲೆ ಕೈಯಿಟ್ಟು ನಿಂತಳು. ಎದುರಿಗೆ ನೀರು ಮೆಲ್ಲಗೆ ಏರುತ್ತಿತ್ತು.

"ಅವತ್ತ ನಾ ಬಂದಿದ್ರ, ಹೂಂ ಅನ್ನವ್ವ ಅಂತಿದ್ದೆ ಕಾಕಾ" ಎಂದಳು.

ಡಾಕ್ಟರು ಕೋಲನ್ನು ಕಟಾಂಜನಕ್ಕೆ ಆನಿಸಿದರು. "ನೀ ಅಂದಿದ್ರೂ ಅಕಿ ಕೇಳ್ತಿದ್ದಿಲ್ಲವ್ವ."

ಅಷ್ಟು ವರ್ಷಗಳಲ್ಲಿ ಡಾಕ್ಟರು ಅವರನ್ನು ಅಕ್ಕೋರು ಎನ್ನದೆ, ಮನೆಯವರನ್ನು ಅನ್ನುವಂತೆ ಅಕಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಹಾದೇವಿಗೂ ಕೇಳಿಸಿತು. ಅವಳು ಆ ಮೂಲೆಯಲ್ಲಿ ಅವರೂ ನಿಲ್ಲಲೆಂದು ಒಂದಿಷ್ಟು ಸರಿದಳು.